ಬಂದೂಕಿನ ಭಾರ ಇಳಿಸಿದ ಯೂಜೀನ್ ಸ್ಟೋನರ್: ಎಂಜಿನಿಯರಿಂಗ್ ಓದದವನು ಕಟ್ಟಿದ ಕಮಾಂಡೋ ಮೆಷಿನ್ ಗನ್

ಹತ್ತೂವರೆ ಕೆ.ಜಿ. ಕೇಳೋಕೆ ದೊಡ್ಡ ತೂಕ ಏನಲ್ಲ. ಕಿರಾಣಿ ಅಂಗಡಿಯಲ್ಲಿ ಹತ್ತು ಕೆ.ಜಿ. ಅಕ್ಕಿ ಚೀಲ ಎತ್ತಿ ಗಿರಾಕಿಯ ಬೈಕ್ ಮೇಲೆ ಇಡೋದು ದಿನಾ ನಡೆಯೋ ಕೆಲಸ. ಅದೇ ಚೀಲವನ್ನ ಹೆಗಲಿಗೆ ಹಾಕ್ಕೊಂಡು, ಸೊಂಟದವರೆಗಿನ ಕೆಸರಲ್ಲಿ, ರಾತ್ರಿಯಿಡೀ ಸದ್ದಿಲ್ಲದೆ ನಡೀಬೇಕು ಅಂದ್ರೆ ಲೆಕ್ಕವೇ ಬೇರೆ. 1960ರ ದಶಕದಲ್ಲಿ ವಿಯೆಟ್ನಾಂನ ಮೆಕಾಂಗ್ ನದಿ ಸಮುದ್ರ ಸೇರುವ ಜೌಗು ಪ್ರದೇಶದಲ್ಲಿ ಅಮೆರಿಕ ನೌಕಾಪಡೆಯ ಸೀಲ್ ಕಮಾಂಡೋಗಳು ಮಾಡ್ತಿದ್ದದ್ದು ಇದನ್ನೇ. ಸೈನ್ಯದ ಬಳಿ ಇದ್ದ ಎಂ60 ಮೆಷಿನ್ ಗನ್ನಿನ ತೂಕ ಸುಮಾರು 10.5 ಕೆ.ಜಿ. ಗುಂಡಿನ ಬೆಲ್ಟ್‌ಗಳ ತೂಕ ಅದರ ಮೇಲೆ ಬೇರೆ.

ಆ ಭಾರವನ್ನ ಹತ್ರ ಹತ್ರ ಅರ್ಧಕ್ಕೆ ಇಳಿಸಿದವನು ಯೂಜೀನ್ ಮಾರಿಸನ್ ಸ್ಟೋನರ್. ಈ ಹೆಸರು ಕೇಳದವರೂ ಈತನ ಒಂದು ಬಂದೂಕನ್ನ ಸಿನಿಮಾದಲ್ಲೋ ಮಕ್ಕಳ ಮೊಬೈಲಿನ ಪಬ್‌ಜಿ ಆಟದಲ್ಲೋ ನೋಡೇ ಇರ್ತಾರೆ. ಅದು ಎಂ16 ರೈಫಲ್. ಎಂ16 ಕತೆ ಎಲ್ಲೆಡೆ ಸಿಗುತ್ತೆ. ಆದರೆ ಈ ಮನುಷ್ಯನ ಸ್ವಂತ ಹೆಸರನ್ನೇ ಹೊತ್ತ ಗನ್ ಬೇರೆ ಒಂದಿದೆ, ಸ್ಟೋನರ್ 63. ದೊಡ್ಡ ಸೈನ್ಯ ಅದನ್ನ ಪರೀಕ್ಷೆ ಮಾಡಿ ಮಾಡಿ ಕೊನೆಗೆ ಬೇಡ ಅಂತು. ಬೆರಳೆಣಿಕೆಯ ಕಮಾಂಡೋಗಳು ಮಾತ್ರ ಇಪ್ಪತ್ತು ವರ್ಷದ ಹತ್ರ ಕೈಬಿಡಲಿಲ್ಲ.

ಸ್ಟೋನರ್ ಹುಟ್ಟಿದ್ದು 1922ರ ನವೆಂಬರ್ 22ರಂದು, ಅಮೆರಿಕದ ಇಂಡಿಯಾನಾ ರಾಜ್ಯದ ಗೋಸ್‌ಪೋರ್ಟ್ ಅನ್ನೋ ಸಣ್ಣ ಊರಲ್ಲಿ. ಬೆಳೆದದ್ದು ಕ್ಯಾಲಿಫೋರ್ನಿಯಾದಲ್ಲಿ. ಲಾಂಗ್ ಬೀಚ್‌ನಲ್ಲಿ ಹೈಸ್ಕೂಲು ಮುಗಿಸಿದ, ಅಲ್ಲಿಗೆ ಓದು ನಿಂತಿತು. ಎಂಜಿನಿಯರಿಂಗ್ ಪದವಿ ಇಲ್ಲ, ಡಿಪ್ಲೊಮಾನೂ ಇಲ್ಲ. ವೇಗಾ ಅನ್ನೋ ವಿಮಾನ ಕಂಪನಿಯಲ್ಲಿ ವಿಮಾನಕ್ಕೆ ಗನ್ ಕೂರಿಸೋ ಕೆಲಸಕ್ಕೆ ಸೇರಿಕೊಂಡ. ಎರಡನೇ ಮಹಾಯುದ್ಧ ಶುರುವಾದಾಗ ಮರೀನ್ ದಳ ಸೇರಿದ. ಅಲ್ಲೂ ಅದೇ ಕೆಲಸ, ಯುದ್ಧ ವಿಮಾನಗಳ ಆಯುಧ ರಿಪೇರಿ. ದಕ್ಷಿಣ ಪೆಸಿಫಿಕ್, ಆಮೇಲೆ ಉತ್ತರ ಚೀನಾ, ಎರಡೂ ಕಡೆ ದುಡಿದ.

ಈ ವಿಮಾನದ ಸಹವಾಸವೇ ಮುಂದೆ ಎಲ್ಲಕ್ಕೂ ಮೂಲವಾಯ್ತು. ಆಗಿನ ಬಂದೂಕು ಕಾರ್ಖಾನೆಗಳಿಗೆ ಗೊತ್ತಿದ್ದದ್ದು ಎರಡೇ ವಸ್ತು: ಗಟ್ಟಿ ಉಕ್ಕು ಮತ್ತು ಮರದ ಹಿಡಿ. ವಿಮಾನ ಕಟ್ಟೋರಿಗೆ ಹಾಗಲ್ಲ, ಒಂದೊಂದು ಗ್ರಾಂಗೂ ಲೆಕ್ಕ ಕೊಡಬೇಕು. ಅಲ್ಯೂಮಿನಿಯಂ ಎಲ್ಲಿ ಸಾಕು, ಉಕ್ಕು ಎಲ್ಲಿ ಬೇಕೇ ಬೇಕು ಅನ್ನೋದು ಕೈಯಿಂದ ಕಲಿತ ವಿದ್ಯೆ. ಯುದ್ಧ ಮುಗಿದ ಮೇಲೆ ಸ್ಟೋನರ್ ವಿಟೇಕರ್ ಅನ್ನೋ ವಿಮಾನ ಬಿಡಿಭಾಗ ಕಂಪನಿಯ ಮೆಷಿನ್ ಶಾಪ್‌ಗೆ ಸೇರಿದ. ಲೇತ್ ಮುಂದೆ ನಿಂತು ಶುರು ಮಾಡಿದವನು ಅಲ್ಲೇ ಡಿಸೈನ್ ಎಂಜಿನಿಯರ್ ಆದ. ರಜೆ ಇದ್ದಾಗ ಸ್ವಂತಕ್ಕೆ ಬಂದೂಕು ಮಾಡಿ ನೋಡೋ ಹವ್ಯಾಸ ಬೇರೆ.

ಹಾಗೆ ಮಾಡಿದ ಒಂದನ್ನ ಶೂಟಿಂಗ್ ರೇಂಜ್‌ನಲ್ಲಿ ಹಾರಿಸಿ ನೋಡ್ತಿದ್ದಾಗ ಜಾರ್ಜ್ ಸಲಿವನ್ ಪರಿಚಯ ಆದ. ಈತ ವಿಮಾನ ಕಂಪನಿಯೊಂದರ ಪೇಟೆಂಟ್ ವಕೀಲ. ಹಗುರ ಬಂದೂಕು ಮಾಡಬೇಕು ಅನ್ನೋ ಹುಚ್ಚು ಇವನಿಗೂ ಇತ್ತು. ಫೇರ್‌ಚೈಲ್ಡ್ ವಿಮಾನ ಕಂಪನಿಯ ದುಡ್ಡಲ್ಲಿ 1954ರಲ್ಲಿ ಹಾಲಿವುಡ್‌ನಲ್ಲಿ ಆರ್ಮಲೈಟ್ ಅಂತ ಒಂದು ಪುಟ್ಟ ವರ್ಕ್‌ಶಾಪ್ ಶುರುವಾಯ್ತು, ಸ್ಟೋನರ್ ಅದರ ಮುಖ್ಯ ಎಂಜಿನಿಯರ್. ಮೊದಲು ಬಂದ ಹೆಸರು ಎಆರ್-5ರದ್ದು. ವಿಮಾನ ಬಿದ್ದರೆ ಪೈಲಟ್ ಬೇಟೆಯಾಡಿ ಬದುಕಿಕೊಳ್ಳಲಿ ಅಂತ ಮಾಡಿದ ರೈಫಲ್ ಅದು. ಬಿಚ್ಚಿ ಅದರ ಹಿಡಿಯೊಳಗೇ ತುಂಬಿಡಬಹುದು, ನೀರಿಗೆ ಬಿದ್ದರೂ ತೇಲುತ್ತೆ.

ಆಮೇಲೆ ಬಂದದ್ದು ಎಆರ್-10, ಸೈನ್ಯಕ್ಕೆ ಅಂತಲೇ ಮಾಡಿದ ಪೂರ್ಣ ಪ್ರಮಾಣದ ರೈಫಲ್. ಇದರಲ್ಲೇ ಸ್ಟೋನರ್ ಮೊದಲ ಪೆಟ್ಟು ತಿಂದದ್ದು. ಇನ್ನೂ ತೂಕ ಇಳಿಸೋ ಆಸೆಗೆ ಸಲಿವನ್ ಬ್ಯಾರಲ್ಲನ್ನೇ ಉಕ್ಕು ಮತ್ತು ಅಲ್ಯೂಮಿನಿಯಂ ಸೇರಿಸಿ ಮಾಡಿಸಿದ. ಬೇಡ, ತಡೆಯೋದಿಲ್ಲ ಅಂತ ಸ್ಟೋನರ್ ಹೇಳಿದರೂ ಮಾಲೀಕನ ಮಾತೇ ನಡೀತು. 1957ರಲ್ಲಿ ಸ್ಪ್ರಿಂಗ್‌ಫೀಲ್ಡ್ ಸರ್ಕಾರಿ ಶಸ್ತ್ರಾಗಾರದ ಪರೀಕ್ಷೆಯಲ್ಲಿ ಆ ಬ್ಯಾರಲ್ ಒಡೆದು ಗುಂಡು ಪಕ್ಕದಿಂದ ಹೊರಗೆ ಬಂತು. ತಕ್ಷಣ ಪೂರ್ತಿ ಉಕ್ಕಿನ ಬ್ಯಾರಲ್ ಹಾಕಿಕೊಟ್ಟರೂ ಹೋದ ಮಾನ ವಾಪಸ್ ಬರಲಿಲ್ಲ. ಅಮೆರಿಕದ ಸೈನ್ಯ ಎಂ14 ರೈಫಲ್ ಕಡೆ ಹೋಯ್ತು.

ಅದೇ ವರ್ಷ ಸೈನ್ಯದ ಕೆಲವು ಅಧಿಕಾರಿಗಳು ಇನ್ನೂ ಸಣ್ಣ ಗುಂಡಿನ, ಇನ್ನೂ ಹಗುರದ ರೈಫಲ್ ಕೇಳಿದರು. ಸ್ಟೋನರ್‌ನ ಜೊತೆಗಾರರಾದ ಜಿಮ್ ಸಲಿವನ್ ಮತ್ತು ರಾಬರ್ಟ್ ಫ್ರೀಮಾಂಟ್ ಎಆರ್-10 ಅನ್ನೇ ಅಳತೆ ಇಳಿಸಿ ಎಆರ್-15 ಮಾಡಿದರು. ಈ ಜಿಮ್ ಸಲಿವನ್ ಬೇರೆ, ವಕೀಲ ಸಲಿವನ್ ಬೇರೆ, ಗೊಂದಲ ಬೇಡ. ಆ ಸಣ್ಣ ಗುಂಡಿನ ಕೆಲಸ ಸ್ಟೋನರ್‌ನದ್ದು. ಮುಂದೆ 5.56 ಎಂ.ಎಂ. ಅಂತ ಜಗತ್ತಿಗೆಲ್ಲ ಹರಡಿದ ಗುಂಡಿನ ಮೂಲ ಅದೇ. ನಮ್ಮ ಸೈನ್ಯದ ಇನ್ಸಾಸ್ ರೈಫಲ್ಲು, ಇನ್ಸಾಸ್ ಎಲ್‌ಎಂಜಿ ಎರಡೂ ಹಾರಿಸೋದು 5.56 ಗುಂಡನ್ನೇ. ರಜೆಗೆ ಬಂದ ಯಾವ ಯೋಧನನ್ನ ಕೇಳಿದರೂ ಹೇಳ್ತಾರೆ.

ಆರ್ಮಲೈಟ್‌ಗೆ ದುಡ್ಡಿನ ಮುಗ್ಗಟ್ಟು. 1959ರಲ್ಲಿ ಎಆರ್-10, ಎಆರ್-15 ಎರಡರ ಹಕ್ಕನ್ನೂ ಕೋಲ್ಟ್ ಕಂಪನಿಗೆ 75,000 ಡಾಲರ್ ಮತ್ತು ಮಾರಾಟದ ಮೇಲೆ ಸಣ್ಣ ಪರ್ಸೆಂಟೇಜ್‌ಗೆ ಕೊಟ್ಟುಬಿಟ್ಟರು. ಲಕ್ಷಗಟ್ಟಲೆ ತಯಾರಾಗೋ ಮಾಲು ಅದು ಅಂತ ಆಗ ಯಾರಿಗೂ ಅಂದಾಜಿರಲಿಲ್ಲ. 1960ರಲ್ಲಿ ಫೇರ್‌ಚೈಲ್ಡ್ ಅಧ್ಯಕ್ಷನಾಗಿದ್ದ ಬೌಟೆಲ್‌ನ ತೋಟದಲ್ಲಿ ನಡೆದ ಪಾರ್ಟಿಗೆ ವಾಯುಪಡೆಯ ಜನರಲ್ ಕರ್ಟಿಸ್ ಲೆಮೇ ಬಂದ. ದೂರದಲ್ಲಿ ಇಟ್ಟ ಕಲ್ಲಂಗಡಿ ಹಣ್ಣಿಗೆ ಎಆರ್-15ರಿಂದ ಗುಂಡು ಹೊಡೆದ, ಹಣ್ಣು ಚಿಂದಿಯಾಯ್ತು, ಜನರಲ್‌ಗೆ ಗನ್ ಹಿಡಿಸಿತು. ಉಳಿದ ಒಂದು ಹಣ್ಣನ್ನ ಹೊಡೆಯೋ ಬದಲು ಕೊಯ್ದು ತಿಂದರು ಅಂತಲೂ ಒಂದು ಕತೆ ಇದೆ. ಸರ್ಕಾರಿ ಟೆಂಡರ್‌ಗಳು ಎಲ್ಲಿ ಶುರುವಾಗ್ತವೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಸಿಗೋದು ಕಷ್ಟ.

ಮಿಕ್ಸಿ ಒಂದೇ, ಜಾರ್ ಬೇರೆ ಬೇರೆ

1961ರಲ್ಲಿ ಸ್ಟೋನರ್ ಆರ್ಮಲೈಟ್ ಬಿಟ್ಟ. ಸ್ವಲ್ಪ ದಿನ ಕೋಲ್ಟ್‌ಗೆ ಸಲಹೆಗಾರನಾಗಿದ್ದು, ಆಮೇಲೆ ಯುದ್ಧದ ವಾಹನಗಳ ವ್ಯವಹಾರದಲ್ಲಿದ್ದ ಕ್ಯಾಡಿಲಾಕ್ ಗೇಜ್ ಕಂಪನಿಗೆ ಒಂದು ಐಡಿಯಾ ತಗೊಂಡು ಹೋದ. ಕಂಪನಿ ಒಪ್ಪಿ ಕ್ಯಾಲಿಫೋರ್ನಿಯಾದ ಕೋಸ್ಟಾ ಮೆಸಾದಲ್ಲಿ ವರ್ಕ್‌ಶಾಪ್ ಹಾಕಿಕೊಟ್ಟಿತು. ಹಳೇ ಜೊತೆಗಾರರಾದ ಜಿಮ್ ಸಲಿವನ್, ಫ್ರೀಮಾಂಟ್ ಇಬ್ಬರೂ ಹಿಂದೆಯೇ ಬಂದರು.

ಐಡಿಯಾ ಅರ್ಥ ಆಗಬೇಕಾದರೆ ಅಡುಗೆಮನೆಯ ಮಿಕ್ಸಿ ನೋಡಿದರೆ ಸಾಕು. ಮೋಟಾರು ಒಂದೇ. ಚಟ್ನಿಗೆ ಸಣ್ಣ ಜಾರು, ದೋಸೆ ಹಿಟ್ಟಿಗೆ ದೊಡ್ಡ ಜಾರು, ಜ್ಯೂಸಿಗೆ ಇನ್ನೊಂದು. ಅದೇ ರೀತಿ ಗನ್ನಿನ ಹೊಟ್ಟೆ ಭಾಗ, ಅಂದ್ರೆ ರಿಸೀವರ್, ಒಂದೇ ಇರಬೇಕು. ಬ್ಯಾರಲ್, ಹಿಡಿ, ಗುಂಡು ತುಂಬುವ ಭಾಗ ಬದಲಾಯಿಸಿದರೆ ಅದೇ ಗನ್ನು ರೈಫಲ್ ಆಗಬೇಕು, ಗಿಡ್ಡ ಕಾರ್ಬೈನ್ ಆಗಬೇಕು, ಬೆಲ್ಟ್‌ನಿಂದ ಗುಂಡು ತಿನ್ನೋ ಲೈಟ್ ಮೆಷಿನ್ ಗನ್ ಆಗಬೇಕು, ಮೂರು ಕಾಲಿನ ಸ್ಟ್ಯಾಂಡ್ ಮೇಲೆ ಕೂತರೆ ಭಾರಿ ಕೆಲಸವನ್ನೂ ಮಾಡಬೇಕು. ಸೈನಿಕ ಒಂದನ್ನ ಕಲಿತರೆ ಎಲ್ಲ ಕಲಿತ ಹಾಗೆ. ಸ್ಟೋರ್‌ನಲ್ಲಿ ಬಿಡಿಭಾಗ ಇಡೋ ತಲೆನೋವೂ ಕಡಿಮೆ.

ಹೇಳೋದು ಸುಲಭ, ಮಾಡೋದು ಅಷ್ಟು ಸುಲಭ ಅಲ್ಲ, ಯಾಕಂದ್ರೆ ರೈಫಲ್ಲಿನ ಸ್ವಭಾವವೇ ಬೇರೆ, ಮೆಷಿನ್ ಗನ್ನಿನ ಸ್ವಭಾವವೇ ಬೇರೆ. ರೈಫಲ್‌ನಲ್ಲಿ ಗುಂಡು ಮೊದಲೇ ಬ್ಯಾರಲ್ ಹಿಂದೆ ಕೂತು ಕಾಯ್ತಾ ಇರುತ್ತೆ, ಟ್ರಿಗರ್ ಒತ್ತಿದ ಕೂಡಲೇ ಸಿಡಿಯುತ್ತೆ, ಗುರಿ ಚೆನ್ನಾಗಿರುತ್ತೆ. ಮೆಷಿನ್ ಗನ್‌ನಲ್ಲಿ ಹಾಗೆ ಮಾಡೋ ಹಾಗಿಲ್ಲ. ನೂರಾರು ಗುಂಡು ಹಾರಿ ಬ್ಯಾರಲ್ ಕಾದ ಹೆಂಚಾಗಿರುತ್ತೆ. ಅದರೊಳಗೆ ಗುಂಡು ಕೂರಿಸಿಟ್ಟರೆ ಟ್ರಿಗರ್ ಮುಟ್ಟದೇನೇ ಕಾವಿಗೆ ಸಿಡಿಯಬಹುದು. ಅದಕ್ಕೇ ಮೆಷಿನ್ ಗನ್ನಿನ ಬೋಲ್ಟು ಹಿಂದಕ್ಕೆ ನಿಂತಿರುತ್ತೆ, ಬ್ಯಾರಲ್ ಖಾಲಿ ಇದ್ದು ಗಾಳಿಯಾಡ್ತಿರುತ್ತೆ, ಟ್ರಿಗರ್ ಒತ್ತಿದ ಮೇಲಷ್ಟೇ ಗುಂಡು ಒಳಗೆ ಹೋಗುತ್ತೆ.

ಈ ಎರಡು ಸ್ವಭಾವವನ್ನ ಒಂದೇ ರಿಸೀವರ್‌ನಲ್ಲಿ ಸ್ಟೋನರ್ ಹೇಗೆ ಕೂರಿಸಿದ? ತಲೆಕೆಳಗು ಮಾಡಿಬಿಟ್ಟ, ಅಷ್ಟೇ. ರೈಫಲ್ ಬೇಕಾದಾಗ ರಿಸೀವರ್ ಒಂದು ಮಗ್ಗುಲು, ಮೆಷಿನ್ ಗನ್ ಬೇಕಾದಾಗ ಅದನ್ನೇ ಬೋರಲು ಹಾಕಿ ಬೇರೆ ಭಾಗ ಜೋಡಿಸೋದು. ರೈಫಲ್‌ನಲ್ಲಿ ಬ್ಯಾರಲ್ ಮೇಲಿದ್ದ ಗ್ಯಾಸ್ ನಳಿಗೆ ಮೆಷಿನ್ ಗನ್‌ನಲ್ಲಿ ಕೆಳಗೆ ಬರುತ್ತೆ. ಮೊದಲ ಮಾದರಿಗೆ ಇಟ್ಟ ಹೆಸರಲ್ಲೇ ಈ ಗುಟ್ಟು ಇತ್ತು. ಅದನ್ನ ಇಂಗ್ಲಿಷ್ ಅಕ್ಷರದಲ್ಲಿ ಎಂ, 69, ಡಬ್ಲ್ಯೂ ಅಂತ ಒಂದು ಹಾಳೆಯಲ್ಲಿ ಬರೆದು ತಲೆಕೆಳಗು ಮಾಡಿ ನೋಡಿ, ಮತ್ತೆ ಅದೇ ಹೆಸರು ಕಾಣುತ್ತೆ.

ದೊಡ್ಡ ಗುಂಡಿನ ಮಾದರಿ ಸ್ಟೋನರ್ 62. ಅದನ್ನೇ 5.56 ಗುಂಡಿಗೆ ಇಳಿಸಿ, ಉಕ್ಕಿನ ತಗಡು ಒತ್ತಿ ಮಾಡಿದ ರಿಸೀವರ್ ಹಾಕಿದಾಗ ಸ್ಟೋನರ್ 63 ಆಯ್ತು. ಒಟ್ಟು 15 ಬಿಡಿ ಜೋಡಣೆಗಳು, ಅವುಗಳಲ್ಲೇ ಆರು ಬಗೆಯ ಆಯುಧ. ಲೈಟ್ ಮೆಷಿನ್ ಗನ್ ರೂಪದಲ್ಲಿ ತೂಕ ಐದೂವರೆ ಕೆ.ಜಿ. ಆಸುಪಾಸು.

ಮರೀನ್ ದಳ 1963ರಲ್ಲೇ ಇದನ್ನ ಪರೀಕ್ಷೆ ಮಾಡಿ ಮೆಚ್ಚಿತು. ಭೂಸೈನ್ಯಕ್ಕೆ ಮಾತ್ರ ಮನಸ್ಸು ಬರಲಿಲ್ಲ. ಅಷ್ಟರಲ್ಲಿ ಅವರು ಸ್ಟೋನರ್‌ನದ್ದೇ ಹಳೇ ಕೂಸಾದ ಎಂ16 ಅನ್ನ ರಾಶಿ ರಾಶಿ ಕೊಳ್ಳೋಕೆ ಶುರು ಮಾಡಿದ್ದರು. ಇದೊಂದು ವಿಚಿತ್ರ ಸ್ಥಿತಿ. ಹೊಸ ಅಂಗಡಿ ತೆರೆದರೆ ಎದುರಿಗೆ ಇರೋದೂ ತಾನೇ ಕಟ್ಟಿ ಮಾರಿದ ಅಂಗಡಿ!

ಎಂ16 ಕೈಕೊಟ್ಟ ದಿನಗಳು

ಅಷ್ಟರಲ್ಲಿ ವಿಯೆಟ್ನಾಂನಿಂದ ಕೆಟ್ಟ ಸುದ್ದಿ ಬರತೊಡಗಿತ್ತು. 1966, 67ರಲ್ಲಿ ಎಂ16 ರೈಫಲ್‌ಗಳು ಗುಂಡಿನ ಚಕಮಕಿ ಮಧ್ಯೆಯೇ ಜಾಮ್ ಆಗ್ತಿದ್ದವು. ಹಾರಿದ ಗುಂಡಿನ ಖಾಲಿ ಕೋಶ ಒಳಗೇ ಕಚ್ಚಿಕೊಂಡರೆ ಉದ್ದ ಕಡ್ಡಿ ತೂರಿಸಿ ಹೊರಗೆ ತಳ್ಳಬೇಕು, ಎದುರಿನವನು ಅಲ್ಲೀವರೆಗೆ ಕಾಯ್ತಾನಾ? ಜಾಮ್ ಆದ ರೈಫಲ್ ಪಕ್ಕದಲ್ಲೇ ಸೈನಿಕರ ಶವ ಸಿಕ್ಕ ವರದಿ ಬಂತು. ಹುಡುಗರು ಮನೆಗೆ ಬರೆದ ಕಾಗದಗಳು ಪೇಪರ್‌ಗಳಲ್ಲಿ ಅಚ್ಚಾದವು.

ತಪ್ಪು ಎಲ್ಲಿ? ಸ್ಟೋನರ್ ಒಂದು ಬಗೆಯ ಮದ್ದಿಗೆ ಲೆಕ್ಕ ಹಾಕಿ ಗನ್ ಮಾಡಿದ್ದ. ಸೈನ್ಯ ಗುಂಡಿನೊಳಗಿನ ಮದ್ದನ್ನೇ ಬದಲಾಯಿಸಿತ್ತು. ಹೊಸ ಮದ್ದಿನಿಂದ ಗನ್ ಬೇಕಾದ್ದಕ್ಕಿಂತ ಜೋರಾಗಿ ಓಡ್ತಿತ್ತು, ಒಳಗೆ ಮಸಿಯೂ ಜಾಸ್ತಿ ಕಟ್ತಿತ್ತು. ತೇವದ ದೇಶದಲ್ಲಿ ತುಕ್ಕು ಹಿಡಿಯದಂತೆ ಗುಂಡು ಕೂರೋ ಜಾಗಕ್ಕೆ ಕ್ರೋಮ್ ಲೇಪನ ಇರಬೇಕಿತ್ತು, ಖರ್ಚು ಉಳಿಸೋಕೆ ಅದನ್ನೂ ಬಿಟ್ಟಿದ್ದರು. ಇದಕ್ಕಿಂತ ಮಿಗಿಲಾಗಿ, ಈ ಗನ್ನಿಗೆ ಕ್ಲೀನಿಂಗೇ ಬೇಡ ಅನ್ನೋ ನಂಬಿಕೆ ಹಬ್ಬಿಸಿ ಎಷ್ಟೋ ಸೈನಿಕರಿಗೆ ಕ್ಲೀನಿಂಗ್ ಕಿಟ್ ಕೊಟ್ಟಿರಲೇ ಇಲ್ಲ. 1967ರಲ್ಲಿ ಸಂಸದ ರಿಚರ್ಡ್ ಐಕಾರ್ಡ್ ನೇತೃತ್ವದ ಸಂಸದೀಯ ಸಮಿತಿ ವಿಚಾರಣೆ ನಡೆಸಿತು. ಸ್ಟೋನರ್ ಹೋಗಿ ಸಾಕ್ಷಿ ಹೇಳಿದ. ಮದ್ದಿನ ವಿಷಯದಲ್ಲಿ ತನ್ನ ಅಭಿಪ್ರಾಯ ಕೇಳಿದ್ದೇ ಎಲ್ಲ ತೀರ್ಮಾನ ಆದ ಮೇಲೆ ಅನ್ನೋದನ್ನ ಅಲ್ಲಿ ಬಿಚ್ಚಿಟ್ಟ. ಸಮಿತಿಯ ವರದಿ ಸೈನ್ಯದ ಅಧಿಕಾರಿಗಳನ್ನೇ ತರಾಟೆಗೆ ತಗೊಂಡಿತು. ಮುಂದೆ ಕ್ರೋಮ್ ಬಂತು, ಕಿಟ್ ಬಂತು, ರೈಫಲ್ ಸುಧಾರಿಸಿತು. ಸತ್ತವರ ಮನೆಯವರಿಗೆ ಅದರಿಂದ ಏನಾಗಬೇಕಿತ್ತು?

ಸ್ಟೋನರ್ 63 ಕೂಡ ಅದೇ 1967ರಲ್ಲಿ ವಿಯೆಟ್ನಾಂ ಕೆಸರಿಗೆ ಇಳಿದಿತ್ತು. ಮರೀನ್ ದಳದ ಒಂದು ಪೂರ್ತಿ ಕಂಪನಿಗೆ ಇದನ್ನ ಕೊಟ್ಟು ಯುದ್ಧದಲ್ಲೇ ಪರೀಕ್ಷೆ ಮಾಡಿದರು. ಮೆಚ್ಚಿದವರು ಬಹಳ ಜನ, ಆದರೆ ದೂರೂ ಇದ್ದವು. ಒಂದಕ್ಕೊಂದು ಹೊಂದಿ ಕೂರೋ ಭಾಗಗಳು ಜಾಸ್ತಿ, ಮರಳು, ಕೆಸರು ಹೋದರೆ ತಕರಾರು. ದಿನಾ ಬಿಚ್ಚಿ ಒರೆಸಿ ಎಣ್ಣೆ ಹಾಕಬೇಕು. ಇನ್ನೊಂದು ವಿಷಯ, ಯುದ್ಧಭೂಮಿಯಲ್ಲಿ ಯಾರೂ ಕೂತು ರೈಫಲ್ಲನ್ನ ಮೆಷಿನ್ ಗನ್ ಮಾಡ್ಕೊಳ್ಳಲಿಲ್ಲ. ಕೊಟ್ಟದ್ದನ್ನ ಕೊಟ್ಟ ರೂಪದಲ್ಲೇ ಬಳಸಿದರು. ಮಿಕ್ಸಿ ಜಾರಿನ ಐಡಿಯಾ ಸ್ಟೋರ್ ಕೀಪರ್‌ಗೆ ಚೆಂದ, ಗುಂಡು ಹಾರೋ ಕಡೆ ಅಷ್ಟು ಉಪಯೋಗ ಇಲ್ಲ. ಸ್ಟೋನರ್‌ನ ಅತಿ ಜಾಣ ಐಡಿಯಾವೇ ಅದರ ಅತಿ ಕಡಿಮೆ ಬಳಕೆಯಾದ ಭಾಗ ಆಯ್ತು ಅಂದ್ರೆ ತಪ್ಪಿಲ್ಲ.

ಕೆಸರಲ್ಲಿ ಗೆದ್ದ ಗನ್

ಆದರೆ ಸೀಲ್ ಕಮಾಂಡೋಗಳಿಗೆ ಇದರಲ್ಲಿ ಬೇಕಿದ್ದದ್ದು ಒಂದೇ ರೂಪ, ಬೆಲ್ಟ್ ಹಾಕೋ ಲೈಟ್ ಮೆಷಿನ್ ಗನ್. ಈ ಪಡೆ ಹುಟ್ಟಿದ್ದು 1962ರ ಜನವರಿಯಲ್ಲಿ. ಒಂದು ಪ್ಲಟೂನ್ ಅಂದ್ರೆ ಹದಿನಾಲ್ಕು ಜನ, ಅದರ ಅರ್ಧ, ಅಂದ್ರೆ ಏಳು ಜನ, ರಾತ್ರಿ ದೋಣಿಯಲ್ಲಿ ಹೋಗಿ ದಡಕ್ಕೆ ಇಳಿದು ಹೊಂಚು ಹಾಕೋರು. ಎದುರಾಳಿ ಐವತ್ತು ಜನ ಬಂದರೂ ಏಳೇ ಜನ ನಿಭಾಯಿಸಬೇಕು. ಸಹಾಯಕ್ಕೆ ಹೆಲಿಕಾಪ್ಟರ್ ಬರೋದರೊಳಗೆ ಮೊದಲ ಒಂದೆರಡು ನಿಮಿಷದಲ್ಲೇ ಎಲ್ಲ ನಿರ್ಧಾರ ಆಗಿಬಿಡ್ತಿತ್ತು. ಆ ಎರಡು ನಿಮಿಷ ಏಳು ಜನ ಎಪ್ಪತ್ತು ಜನರಷ್ಟು ಗುಂಡು ಹಾರಿಸಿದರೆ ಬದುಕಿದರು, ಇಲ್ಲಾಂದ್ರೆ ಇಲ್ಲ.

ಎಂ60 ಆದ್ರೆ ತಂಡಕ್ಕೆ ಒಂದು, ಅದನ್ನ ಹೊರೋಕೆ ಗಟ್ಟಿ ಆಳು ಬೇಕು. ಸ್ಟೋನರ್ ಆದ್ರೆ ತಂಡದಲ್ಲಿ ಎರಡು ಮೂರು ಒಯ್ಯಬಹುದು. ಗುಂಡೂ ಸಣ್ಣದು, ಹಾಗಾಗಿ ಅದೇ ತೂಕಕ್ಕೆ ದುಪ್ಪಟ್ಟು ಗುಂಡು. ಹೂವಿನ ಮಾಲೆ ಥರ ಪೋಣಿಸಿದ ಬೆಲ್ಟ್ ಹೊರಗೆ ನೇತಾಡಿದರೆ ಕೆಸರು, ಎಲೆ, ಬಳ್ಳಿ ಎಲ್ಲ ಸಿಕ್ಕಿಹಾಕಿಕೊಳ್ಳುತ್ತೆ. ಅದಕ್ಕೆ ಗನ್ನಿನ ಕೆಳಗೆ 150 ಗುಂಡಿನ ಬೆಲ್ಟ್ ಸುತ್ತಿಡೋ ಡ್ರಮ್ ಬಂತು. ಡ್ರಮ್ ತುಂಬೋದು ಕಿರಿಕಿರಿ ಅಂತ ಆಮೇಲೆ 100 ಗುಂಡಿನ ಪೆಟ್ಟಿಗೆ ಮಾಡಿದರು. ದೋಣಿ ಹತ್ತಿ ಇಳಿಯೋಕೆ, ಪೊದೆಯಲ್ಲಿ ನುಸುಳೋಕೆ ಗಿಡ್ಡ ಬ್ಯಾರಲ್ ಬಂತು. ಹೀಗೆ ಬಳಸೋರ ದೂರು ಕೇಳಿ ಕೇಳಿ ತಿದ್ದಿ ಕೊನೆಗೆ ನೌಕಾಪಡೆ ಇದಕ್ಕೆ ಮಾರ್ಕ್ 23 ಅಂತ ತನ್ನದೇ ಹೆಸರು ಕೊಟ್ಟಿತು.

ಕ್ಲೀನಿಂಗ್ ಸಮಸ್ಯೆ ಏನಾಯ್ತು? ಏನೂ ಆಗಲಿಲ್ಲ, ಹಾಗೇ ಇತ್ತು. ವ್ಯತ್ಯಾಸ ಇದ್ದದ್ದು ಹಿಡಿದ ಕೈಯಲ್ಲಿ. ಕಡ್ಡಾಯವಾಗಿ ಸೈನ್ಯಕ್ಕೆ ಬಂದ ಹತ್ತೊಂಬತ್ತರ ಹುಡುಗನಿಗೆ ನಿದ್ದೆ ಸಿಕ್ಕರೆ ಸಾಕಾಗಿರ್ತಿತ್ತು. ಸೀಲ್ ಕಮಾಂಡೋ ವಾಪಸ್ ಬಂದು ಊಟಕ್ಕೂ ಮೊದಲು ಗನ್ ಬಿಚ್ಚಿ ಕೂರ್ತಿದ್ದ, ನಾಳೆ ರಾತ್ರಿ ತನ್ನ ಪ್ರಾಣ ಅದರ ಮೇಲೇ ನಿಂತಿದೆ ಅಂತ ಗೊತ್ತಿತ್ತು. ರೇಸ್ ಬೈಕನ್ನ ಹಾಲು ಹಾಕೋಕೆ ಕೊಟ್ಟರೆ ವಾರಕ್ಕೆ ಗ್ಯಾರೇಜ್ ಸೇರುತ್ತೆ, ಓಡಿಸೋನ ಕೈಗೆ ಕೊಟ್ಟರೆ ಕಪ್ ತರುತ್ತೆ.

ಆ ಗನ್ನಿನ ಇನ್ನೊಂದು ತುದಿಯಲ್ಲಿ ಇದ್ದವರೂ ಮನುಷ್ಯರೇ ಅನ್ನೋದನ್ನ ಮರೆಯೋ ಹಾಗಿಲ್ಲ. ಮೆಕಾಂಗ್ ದಡದ ಭತ್ತದ ಗದ್ದೆಯ ಜನ, ಅವರ ಗುಡಿಸಲು, ಅವರ ದೋಣಿ ಎಲ್ಲ ಆ ರಾತ್ರಿಗಳ ನಡುವೆಯೇ ಇದ್ದವು. ಆಯುಧದ ಕತೆ ಬರೆಯೋರು ಸಾಮಾನ್ಯವಾಗಿ ಆ ಕಡೆ ಹೋಗೋದಿಲ್ಲ.

1971ರ ಹೊತ್ತಿಗೆ ಸ್ಟೋನರ್ 63 ತಯಾರಿಕೆ ನಿಂತಿತು. ಒಟ್ಟು ತಯಾರಾಗಿದ್ದು ನಾಲ್ಕು ಸಾವಿರದೊಳಗೆ ಅಂತ ಅಂದಾಜು. ಅದರ ಅಣ್ಣ ಎಂ16 ಲಕ್ಷಗಟ್ಟಲೆ. ಆದರೂ ಸೀಲ್ ತಂಡಗಳು ಇದ್ದ ಗನ್‌ಗಳನ್ನೇ ರಿಪೇರಿ ಮಾಡಿಕೊಂಡು 1980ರ ದಶಕದ ಮೊದಲ ವರ್ಷಗಳವರೆಗೆ, 1983ರ ಗ್ರೆನಡಾ ಕಾರ್ಯಾಚರಣೆವರೆಗೂ ಇಟ್ಟುಕೊಂಡಿದ್ದವು. ಆಮೇಲೆ ಬೆಲ್ಜಿಯಂ ಮೂಲದ ಮಿನಿಮಿ ಅನ್ನೋ ಹಗುರ ಮೆಷಿನ್ ಗನ್ ಬಂತು, ಅದೂ 5.56 ಗುಂಡಿನದೇ. ಜೊತೆಗಾರ ಜಿಮ್ ಸಲಿವನ್ ಸಿಂಗಾಪುರಕ್ಕೆ ಹೋಗಿ ಅಲ್ಟಿಮ್ಯಾಕ್ಸ್ 100 ಅನ್ನೋ ಇನ್ನೊಂದು ಹಗುರ ಮೆಷಿನ್ ಗನ್ ಮಾಡಿದ.

ಸ್ಟೋನರ್ ಸುಮ್ಮನೆ ಕೂರಲಿಲ್ಲ. ಯುದ್ಧ ವಾಹನಕ್ಕೆ ಹಾಕೋ 25 ಎಂ.ಎಂ. ತೋಪು ಮಾಡಿದ, 1972ರಲ್ಲಿ ಒಹಾಯೋದ ಪೋರ್ಟ್ ಕ್ಲಿಂಟನ್‌ನಲ್ಲಿ ಪಾಲುದಾರಿಕೆಯಲ್ಲಿ ಏರೀಸ್ ಅನ್ನೋ ಸ್ವಂತ ಕಂಪನಿ ತೆರೆದ. ಅಲ್ಲಿ ಮತ್ತೆ ಹಳೇ ಕೆಲಸಕ್ಕೇ ಕೈ ಹಾಕಿದ. ಇನ್ನೂ ಹಗುರದ ಲೈಟ್ ಮೆಷಿನ್ ಗನ್, ಈ ಸಲ ರೈಫಲ್ ಆಗೋ ಆಸೆ ಇಲ್ಲದ, ಬರೀ ಮೆಷಿನ್ ಗನ್. ವಿಯೆಟ್ನಾಂ ಕಲಿಸಿದ ಪಾಠ ತಲೆಗೆ ಹೋಗಿತ್ತು ಅಂತ ಕಾಣುತ್ತೆ.

1990ರ ಮೇ ತಿಂಗಳಲ್ಲಿ ಒಂದು ಅಪರೂಪದ ಭೇಟಿ ಆಯ್ತು. ಸ್ಮಿತ್ಸೋನಿಯನ್ ಸಂಸ್ಥೆಯ ಇತಿಹಾಸಕಾರ ಎಡ್ವರ್ಡ್ ಎಜೆಲ್ ಪ್ರಯತ್ನದಿಂದ ಎಕೆ-47 ಖ್ಯಾತಿಯ ಮಿಖಾಯಿಲ್ ಕಲಾಶ್ನಿಕೋವ್ ಅಮೆರಿಕಕ್ಕೆ ಬಂದ. ಕಾಲು ಶತಮಾನ ಒಬ್ಬರ ಗನ್ನಿಗೆ ಇನ್ನೊಬ್ಬರ ಗನ್ನು ಎದುರಾಗಿತ್ತು, ಮಾಡಿದವರು ಮುಖಾಮುಖಿ ಆದದ್ದು ಆಗಲೇ. ಇಬ್ಬರೂ ಕಾಲೇಜು ಕಟ್ಟೆ ಹತ್ತದವರು, ಇಬ್ಬರೂ ಸೈನ್ಯದಲ್ಲಿ ಕೆಳಗಿನ ದರ್ಜೆಯಿಂದ ಬಂದವರು. ಭಾಷೆ ಬಾರದಿದ್ದರೂ ದುಭಾಷಿ ಇಟ್ಟುಕೊಂಡು ಮಾತಾಡಿದರು, ಒಬ್ಬರ ಗನ್ ಇನ್ನೊಬ್ಬರು ಹಾರಿಸಿದರು. ವ್ಯತ್ಯಾಸ ಜೇಬಲ್ಲಿತ್ತು. ತಯಾರಾದ ಎಂ16 ಮೇಲೆ ಸ್ಟೋನರ್‌ಗೆ ರಾಯಲ್ಟಿ ಬರ್ತಿತ್ತು. ಪೀಸಿಗೆ ಸಣ್ಣ ಮೊತ್ತವೇ ಆದರೂ ಲಕ್ಷಗಟ್ಟಲೆ ಪೀಸು. ಜಗತ್ತಿನಲ್ಲೇ ಅತಿ ಹೆಚ್ಚು ತಯಾರಾದ ರೈಫಲ್ ಕೊಟ್ಟ ಕಲಾಶ್ನಿಕೋವ್‌ಗೆ ಸಿಕ್ಕದ್ದು ಸರ್ಕಾರದ ಪದಕ, ಬಹುಮಾನ. ರಾಯಲ್ಟಿ ಒಂದು ರೂಬಲ್ಲೂ ಇಲ್ಲ.

ಅದೇ ವರ್ಷ ಫ್ಲಾರಿಡಾದ ನೈಟ್ಸ್ ಆರ್ಮಮೆಂಟ್ ಕಂಪನಿಗೆ ಸೇರಿದಾಗ ಸ್ಟೋನರ್‌ಗೆ ವಯಸ್ಸು ಅರವತ್ತೇಳು. ಅಲ್ಲಿ ಮಾಡಿದ ಎಸ್‌ಆರ್-25 ರೈಫಲ್ಲು 1957ರಲ್ಲಿ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಮಾನ ಕಳಕೊಂಡಿದ್ದ ಎಆರ್-10ರದ್ದೇ ಹೊಸ ಅವತಾರ. ಜೊತೆಗೆ ಏರೀಸ್‌ನಲ್ಲಿ ಅರ್ಧಕ್ಕೆ ನಿಂತಿದ್ದ ಲೈಟ್ ಮೆಷಿನ್ ಗನ್ನಿಗೂ ಮತ್ತೆ ಜೀವ ಕೊಟ್ಟ. ಅದು ಸ್ಟೋನರ್ 96 ಅನ್ನೋ ಹೆಸರಲ್ಲಿ ಬಂತು. ಮೂವತ್ತು ಚಿಲ್ಲರೆ ವರ್ಷದಲ್ಲಿ ಮೂರನೇ ಸಲ ಅದೇ ಪ್ರಶ್ನೆಗೆ ಉತ್ತರ ಹುಡುಕಿದ ಹಾಗಾಯ್ತು: ಒಬ್ಬನೇ ಹೊತ್ತು ಓಡಾಡಬಲ್ಲ, ಬೆಲ್ಟ್ ಹಾಕೋ ಗನ್ ಎಷ್ಟು ಹಗುರ ಆಗಬಹುದು?

1997ರ ಏಪ್ರಿಲ್ 24ರಂದು ಫ್ಲಾರಿಡಾದ ಪಾಮ್ ಸಿಟಿಯಲ್ಲಿ ಸ್ಟೋನರ್ ಕ್ಯಾನ್ಸರ್‌ನಿಂದ ತೀರಿಕೊಂಡ. ವಯಸ್ಸು 74. ಹೆಸರಲ್ಲಿ ನೂರರ ಹತ್ರ ಪೇಟೆಂಟ್‌ಗಳಿದ್ದವು. ಮೂರು ವರ್ಷ ಕಳೆದು 2000ದಲ್ಲಿ ಸೀಲ್ ಕಮಾಂಡೋಗಳು ಎಸ್‌ಆರ್-25 ಅನ್ನ ಮಾರ್ಕ್ 11 ಹೆಸರಲ್ಲಿ ಅಧಿಕೃತವಾಗಿ ತಗೊಂಡರು. ಎಆರ್-10 ವಂಶದ ಇನ್ನೊಂದು ಕುಡಿ ನಮ್ಮ ದೇಶಕ್ಕೂ ಬಂದಿದೆ. 2019ರಲ್ಲಿ ಭಾರತೀಯ ಸೈನ್ಯ 72,400 ಸಿಗ್ 716 ರೈಫಲ್‌ಗಳಿಗೆ ಆರ್ಡರ್ ಕೊಟ್ಟಿತು. ಅದರ ಮೈಕಟ್ಟು ಸ್ಟೋನರ್ ಹಾಲಿವುಡ್‌ನ ಆ ಪುಟ್ಟ ವರ್ಕ್‌ಶಾಪ್‌ನಲ್ಲಿ ಕಟ್ಟಿದ್ದೇ.